ಮಿಸ್ಟರ್ ಬೀನ್ ಪಾತ್ರಧಾರಿ ಮೂಕರಲ್ಲ

ವಿಜಯಪುರ ಮತ್ತು ಬಾಗಲಕೋಟೆ ಕಡೆಯ ವಾಟ್ಸಪ್ ಗುಂಪುಗಳಲ್ಲಿ, ಮಿಸ್ಟರ್ ಬೀನ್ ಪಾತ್ರ ಮಾಡಿದ ನಟ ಹುಟ್ಟು ಮೂಕರೆಂದೂ, ಆ ಕಾರಣಕ್ಕೇ ಪಾತ್ರಕ್ಕೆ ಮಾತಿಲ್ಲವೆಂದೂ ಹೇಳುವ ವಿಡಿಯೊ ಹರಿದಾಡುತ್ತಿದೆ. ಇದು ಸುಳ್ಳು.

ನಟ ರೋವನ್ ಅಟ್ಕಿನ್‌ಸನ್ ಅವರಿಗಿರುವುದು ಉಗ್ಗು. ಪಾತ್ರದೊಳಗೆ ಇಳಿದಾಗ ಅದು ಕಾಡುವುದಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ವಿದ್ಯುತ್ ಎಂಜಿನಿಯರಿಂಗ್ ಓದಿ ಆಕ್ಸ್‌ಫರ್ಡ್‌ಗೆ ಹೋದ ಅವರು, 1979ರಲ್ಲಿ ಬಿಬಿಸಿಯ ಕಿರುಪ್ರಹಸನಗಳ ಕಾರ್ಯಕ್ರಮದಿಂದ ಹೆಸರಾದರು. 1983ರಲ್ಲಿ ಆರಂಭವಾದ 'ಬ್ಲ್ಯಾಕ್‌ಆಡರ್' ಧಾರಾವಾಹಿಯಲ್ಲಂತೂ ಅವರ ಹಾಸ್ಯ ನಿಂತಿರುವುದೇ ಹರಿತವಾದ ಮಾತಿನ ಮೇಲೆ. ಬೀನ್ ಕೂಡ ಪೂರ್ತಿ ಮೌನಿಯಲ್ಲ, ಗೊಗ್ಗರು ದನಿಯಲ್ಲಿ ಒಂದೆರಡು ಪದ ಆಡುತ್ತಾನೆ. ದೊಡ್ಡವರ ಮೈಯೊಳಗಿನ ಮಗುವಿನಂತೆ ಅವನನ್ನು ಕಲ್ಪಿಸಿ, ಮೂಕಿ ಚಿತ್ರಗಳ ಹಾಸ್ಯದ ಜಾಡಿನಲ್ಲಿ ಮುಖ ಮತ್ತು ಮೈಯಿಂದಲೇ ನಗಿಸಬೇಕೆಂಬುದು ಬೇಕೆಂದೇ ಮಾಡಿಕೊಂಡ ಆಯ್ಕೆ. ಶ್ರೀಕೃಷ್ಣ ಪಾರಿಜಾತದ ದೂತಿಯ ಪಟಪಟ ಮಾತಿಗೆ ನಕ್ಕು ಬೆಳೆದ ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಅದೇ ವಿಡಿಯೊ ನಟನು 'ನೂರಾರು ಕಂತುಗಳಲ್ಲಿ' ಕಾಣಿಸಿಕೊಂಡರೆನ್ನುತ್ತದೆ. 1990ರ ಜನವರಿ 1ರಂದು ಬ್ರಿಟನ್ನಿನ ಐಟಿವಿಯಲ್ಲಿ ಆರಂಭವಾದ ಸರಣಿಯಲ್ಲಿ ಇರುವುದು ಕೇವಲ 15 ಕಂತು. ಮಕ್ಕಳು ಮೊಬೈಲಿನಲ್ಲಿ ನೋಡುವ ಉಳಿದವುಗಳಲ್ಲಿ ಬಹುಪಾಲು 2002ರಿಂದ ಬಂದ ಕಾರ್ಟೂನ್ ಕಂತುಗಳು ಅಥವಾ ಹಳೆಯವನ್ನೇ ಕತ್ತರಿಸಿದ ತುಣುಕುಗಳು.