ಕಣ್ಣಿಗೆ ಹಬ್ಬ ಆದರೆ ಸಾಕಾ?

ಗೇಮ್‌ಪ್ಲೇ (ಅಂದರೆ ಆಟದಲ್ಲಿ ನಾವು ಮಾಡುವ ಕೆಲಸ) ತೆಳುವಾಗಿರುವ ವಿಡಿಯೋ ಗೇಮ್ ಒಂದನ್ನು ಅದ್ಭುತ ಗ್ರಾಫಿಕ್ಸ್ ಕಾಪಾಡಬಲ್ಲದೇ? ಇಬ್ಬರು ಎರಡು ಕಡೆ ನಿಂತು ಬರೆದಿದ್ದಾರೆ.

ಪರ: ನೋಡುತ್ತಾ ನಿಲ್ಲುವುದೂ ಆಟವೇ

ಟೆಟ್ರಿಸ್ (ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಹಳೆಯ ಆಟ) ವಿಷಯ ಮೊದಲೇ ಮುಗಿಸಿಬಿಡೋಣ. ಪಕ್ಕದ ಬರಹದಲ್ಲಿ ಅದು ಬಂದೇ ಬರುತ್ತದೆ, ಬೇಕಾದರೆ ಬಾಜಿ ಕಟ್ಟುತ್ತೇನೆ. ಗ್ರಾಫಿಕ್ಸ್ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಆಡಿದರೆ ಸಾಕು, ಮೂಲೆಯಿಂದ ಒಬ್ಬರು ಎದ್ದು 'ಟೆಟ್ರಿಸ್ ನೋಡಿ' ಅನ್ನುತ್ತಾರೆ. ನೋಡಿದ್ದೇವೆ ಸ್ವಾಮಿ. ಒಳ್ಳೆಯ ಆಟ. ಅದು ಒಳ್ಳೆಯದು ಅಂದ ಮಾತ್ರಕ್ಕೆ ಚಂದದ ಆಟಗಳೆಲ್ಲ ಮೋಸ ಅಂತ ಹೇಗಾಗುತ್ತದೆ?

ನಾನು ಹೇಳುವುದು ಇಷ್ಟೇ. ಬಟನ್ ಒತ್ತುವ ಕೆಲಸ ಸರಳವಾಗಿದ್ದರೂ, ಸಪ್ಪೆಯಾಗಿದ್ದರೂ, ಕಣ್ಣ ಮುಂದಿನ ಲೋಕ ಚೆನ್ನಾಗಿದ್ದರೆ ಆಟ ಗೆಲ್ಲುತ್ತದೆ. ಎಷ್ಟೋ ಸಲ ಗೆದ್ದಿದೆ. ಇದನ್ನು ಬಾಯಿಬಿಟ್ಟು ಹೇಳಲು ಗೇಮರ್‌ಗಳಿಗೆ ಯಾಕೋ ನಾಚಿಕೆ. 'ನಾನು ಗ್ರಾಫಿಕ್ಸ್ ನೋಡಲ್ಲ, ಗೇಮ್‌ಪ್ಲೇ ನೋಡ್ತೀನಿ' ಅನ್ನುವವರೇ ಹೊಸ ಗ್ರಾಫಿಕ್ಸ್ ಕಾರ್ಡ್ ಬಂದ ದಿನ ಕ್ಯೂನಲ್ಲಿ ಮೊದಲು ನಿಂತಿರುತ್ತಾರೆ.

ಒಂದು ಗಟ್ಟಿ ಉದಾಹರಣೆ ಕೊಡುತ್ತೇನೆ. 2017ರಲ್ಲಿ ಯೂಬಿಸಾಫ್ಟ್ ಕಂಪನಿ 'ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್' ತಂದಿತು. ಕ್ಲಿಯೋಪಾತ್ರಳ ಕಾಲದ ಈಜಿಪ್ಟ್. ಕತ್ತಿವರಸೆ, ಕದ್ದು ನುಗ್ಗುವುದು, ಕೊಲೆ, ಎಲ್ಲ ಇತ್ತು. ಮರುವರ್ಷ ಅದಕ್ಕೆ 'ಡಿಸ್ಕವರಿ ಟೂರ್' ಅಂತ ಒಂದು ಭಾಗ ಸೇರಿಸಿದರು. ಅದರಲ್ಲಿ ಕಾದಾಟವಿಲ್ಲ, ಮಿಷನ್ ಇಲ್ಲ, ಶತ್ರುಗಳಿಲ್ಲ. ಪಿರಮಿಡ್‌ಗಳ ನಡುವೆ ಓಡಾಡಬಹುದು, ಅಲೆಕ್ಸಾಂಡ್ರಿಯಾದ ಬೀದಿ ಸುತ್ತಬಹುದು, ವಿವರಣೆ ಕೇಳಬಹುದು. ಅಷ್ಟೇ. ಅಂದರೆ ಗೇಮ್‌ಪ್ಲೇ ಪೂರ್ತಿ ಕಿತ್ತುಹಾಕಿ ನೋಟವನ್ನು ಮಾತ್ರ ಉಳಿಸಿಕೊಂಡರು. ಬಿದ್ದುಹೋಯಿತಾ? ಇಲ್ಲ. ಪಿಸಿಯಲ್ಲಿ ಅದನ್ನು ಬೇರೆಯಾಗಿಯೇ ಮಾರಿದರು. ಆಮೇಲೆ ಹಳೆಯ ಗ್ರೀಸ್‌ಗೂ ಮಾಡಿದರು, ವೈಕಿಂಗರ ಕಾಲಕ್ಕೂ ಮಾಡಿದರು. ಗೇಮ್‌ಪ್ಲೇಯೇ ಆಟದ ಪ್ರಾಣ ಅನ್ನುವವರು ಇದನ್ನು ಸ್ವಲ್ಪ ವಿವರಿಸಬೇಕು. ಪ್ರಾಣ ಹೋದ ಮೇಲೂ ಇದು ಹೇಗೆ ಓಡಾಡುತ್ತಿದೆ?

2020ರ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್' ಇನ್ನೊಂದು. ಬಿಂಗ್ ನಕ್ಷೆಯ ಚಿತ್ರಗಳನ್ನು ಹಿಡಿದು ಇಡೀ ಭೂಮಿಯನ್ನೇ ಕಟ್ಟಿಬಿಟ್ಟರು. ಅದರಲ್ಲಿ ಗಂಭೀರವಾಗಿ ವಿಮಾನ ಓಡಿಸುವವರಿದ್ದಾರೆ, ಒಂದೊಂದು ಸ್ವಿಚ್ಚಿನ ಹೆಸರೂ ಅವರಿಗೆ ಗೊತ್ತು. ನಾನು ಆ ಜಾತಿಯವನಲ್ಲ. ಆಟೋಪೈಲಟ್ ಹಾಕಿ ಮೋಡ ನೋಡುತ್ತಾ ಕೂರುತ್ತೇನೆ. ಅದು ಬಂದದ್ದು ಕೋವಿಡ್ ವರ್ಷದಲ್ಲಿ. ಜನ ಮನೆ ಬಿಟ್ಟು ಹೊರಡಲಾಗದೆ ಕೂತಿದ್ದಾಗ ಎಷ್ಟೋ ಮಂದಿ ಅದರಲ್ಲಿ ಮೊದಲು ಹುಡುಕಿದ್ದು ತಮ್ಮದೇ ಮನೆಯ ಮಾಡನ್ನು. ಲ್ಯಾಂಡಿಂಗ್ ಸರಿಯಾಯಿತೋ ಇಲ್ಲವೋ ಯಾರಿಗೆ ಬೇಕಿತ್ತು?

'ಜರ್ನಿ' ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 2012ರ ಆಟ. ಮರಳುಗಾಡಿನಲ್ಲಿ ದೂರದ ಬೆಟ್ಟದ ಕಡೆ ನಡೆಯುತ್ತೀರಿ, ಒಮ್ಮೊಮ್ಮೆ ತೇಲುತ್ತೀರಿ, ಒಂದು ಬಟನ್ ಒತ್ತಿ ಕೂಗುತ್ತೀರಿ. ಮಾಡುವುದಕ್ಕೆ ಬೇರೆ ಹೆಚ್ಚೇನೂ ಇಲ್ಲ. ಮರಳಿನ ಮೇಲೆ ಬಿದ್ದ ಬಿಸಿಲು ಇದೆಯಲ್ಲ, ಅದೇ ಆಟ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಈ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಅವಳೇ.

ಅಮ್ಮನಿಗೆ ಕೀಲುನೋವು. ಬೆರಳುಗಳು ಸರಿಯಾಗಿ ಮಡಚುವುದಿಲ್ಲ. ನಾನು ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದಳು, ಕೊನೆಗೊಂದು ದಿನ 'ನಂಗೂ ಕೊಡೋ' ಅಂದಳು. ನನಗೋ ಉತ್ಸಾಹ. ಎಲ್ಲರೂ ಹೊಗಳುವ, ಆಳ ಅಂದರೆ ಇದಪ್ಪಾ ಅನ್ನುವಂಥ ಒಂದು ಆಟ ಹಾಕಿಕೊಟ್ಟೆ. ಮೊದಲ ಶತ್ರುವೇ ಅವಳನ್ನು ಮುಗಿಸಿದ. ಮತ್ತೆ ಮುಗಿಸಿದ. 'ಅಮ್ಮ, ಪಕ್ಕಕ್ಕೆ ಉರುಳು, ಈಗ ಹೊಡಿ' ಅಂತ ನಾನು ಕೂಗುತ್ತಿದ್ದೆ. ಅವಳ ಹೆಬ್ಬೆರಳು ಆ ಬಟನ್ ಮುಟ್ಟುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತಿತ್ತು. ಕಂಟ್ರೋಲರ್ ಕೆಳಗಿಟ್ಟು 'ಇದು ನಿಮ್ಮಂಥೋರಿಗೆ ಕಣೋ' ಅಂದು ಎದ್ದುಹೋದಳು.

ಸುಮಾರು ದಿನ ಬಿಟ್ಟು 'ಆಬ್ಝೂ' ಹಾಕಿದೆ. 2016ರ ಆಟ. 'ಜರ್ನಿ'ಗೆ ಕಲಾ ನಿರ್ದೇಶಕರಾಗಿದ್ದ ಮ್ಯಾಟ್ ನಾವಾ ಅವರ ನಿರ್ದೇಶನ. ಸಮುದ್ರದೊಳಗೆ ಈಜುವುದು, ಅಷ್ಟೇ. ಉಸಿರು ಮುಗಿಯುವುದಿಲ್ಲ, ಅಂಕ ಇಲ್ಲ. ಅಮ್ಮ ಅನುಮಾನದಿಂದಲೇ ಕೇಳಿದಳು, 'ಇದ್ರಲ್ಲಿ ನಾನು ಸಾಯಲ್ವಾ?' ಇಲ್ಲಮ್ಮ ಅಂದೆ. 'ಹಂಗಾದ್ರೆ ಕೊಡು.'

ಆಮೇಲೆ ಕಂಟ್ರೋಲರ್ ನನಗೆ ಸಿಗಲೇ ಇಲ್ಲ ಅನ್ನಿ. ಆ ಆಟದಲ್ಲಿ ಅಲ್ಲಲ್ಲಿ ಕಲ್ಲಿನ ವಿಗ್ರಹಗಳಿವೆ. ಅದರ ಮೇಲೆ ಕೂತರೆ ಕ್ಯಾಮೆರಾ ಒಂದು ಮೀನಿನಿಂದ ಇನ್ನೊಂದಕ್ಕೆ ಹಾರುತ್ತದೆ, ಪ್ರತಿ ಮೀನಿನ ಹೆಸರೂ ಬರುತ್ತದೆ. ನಾನಾಗಿದ್ದರೆ ದಾಟಿಕೊಂಡು ಹೋಗುತ್ತಿದ್ದೆ. ಅಮ್ಮ ಹೋಗುತ್ತಿರಲಿಲ್ಲ. ಒಂದೊಂದರ ಹೆಸರೂ ನನ್ನ ಕೈಲಿ ಓದಿಸುವಳು. ದೊಡ್ಡ ಮೀನು ಬಂದರೆ ಅದನ್ನು ಹಿಡಿದುಕೊಂಡು ಸವಾರಿ. ತಿಮಿಂಗಿಲಗಳು ಬಂದಾಗಲಂತೂ ನಾವಿಬ್ಬರೂ ಮಾತಾಡಲಿಲ್ಲ. ಆಟ ಒಂದೇ ಸಂಜೆಯಲ್ಲಿ ಮುಗಿಯುವಂಥದ್ದು. ಅವಳು ಮುಗಿಸುವ ಗೋಜಿಗೇ ಹೋಗಲಿಲ್ಲ. ತನಗೆ ಇಷ್ಟವಾದ ಜಾಗಕ್ಕೆ ಹೋಗಿ ಅಲ್ಲೇ ಇರುತ್ತಿದ್ದಳು. ಸಂಬಂಧಿಕರು ಬಂದರೆ 'ಬನ್ನಿ, ನನ್ನ ಮೀನು ತೋರಿಸ್ತೀನಿ' ಅನ್ನುವಷ್ಟು ಆಗಿಹೋಯಿತು.

'ಆಳವಾದ ಗೇಮ್‌ಪ್ಲೇ' ಅವಳನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಒಳಗೆ ಕರೆದದ್ದು ನೀಲಿ ಬಣ್ಣ, ಬೆಳಕು, ಮೀನಿನ ಹಿಂಡು. ಇದನ್ನು 'ಕೊರತೆ ಮುಚ್ಚುವ ಮೇಕಪ್' ಅನ್ನುವವರು ಒಂದು ಸಲ ಬಂದು ಅಮ್ಮನ ಹತ್ತಿರ ಹೇಳಲಿ.

ಕೆಟ್ಟ ಉದಾಹರಣೆಗಳೂ ಇವೆ, ಅವನ್ನು ಪಕ್ಕದವರು ಪಟ್ಟಿ ಮಾಡುತ್ತಾರೆ. ಮಾಡಲಿ. ಕೆಟ್ಟ ಆಟಗಳು ಎಲ್ಲ ಬಗೆಯಲ್ಲೂ ಇವೆ. ನಾನು ಕೊನೆಯದಾಗಿ 'ಡ್ವಾರ್ಫ್ ಫೋರ್ಟ್ರೆಸ್' ನೆನಪಿಸುತ್ತೇನೆ. 2006ರಲ್ಲಿ ಬಂತು. ಅದರಷ್ಟು ಆಳದ ಆಟ ಇನ್ನೊಂದಿಲ್ಲ ಅಂತ ಗೇಮ್‌ಪ್ಲೇ ಪಕ್ಷದವರೇ ಹಾಡಿ ಹೊಗಳುತ್ತಾರೆ. ತೆರೆಯ ಮೇಲೆ ಮಾತ್ರ ಬರೀ ಅಕ್ಷರ, ಚಿಹ್ನೆ. ಅದು ಉಚಿತವಾಗಿಯೇ ಸಿಗುತ್ತಿತ್ತು. ಹೊಗಳಿದವರು ಸಾಕಷ್ಟು, ಆಡಿದವರು ಕಡಿಮೆ. 2022ರ ಡಿಸೆಂಬರ್‌ನಲ್ಲಿ ಚಿತ್ರ ಹಾಕಿ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಬಿಟ್ಟರು, ಈ ಸಲ ದುಡ್ಡಿಗೆ. ಲಕ್ಷಗಟ್ಟಲೆ ಜನ ಕೊಂಡರು. ಆಳ ಹದಿನಾರು ವರ್ಷದಿಂದ ಅಲ್ಲೇ ಇತ್ತು, ಅದೂ ಬಿಟ್ಟಿಯಾಗಿ. ಜನ ದುಡ್ಡು ಕೊಟ್ಟದ್ದು ಚಿತ್ರ ಬಂದ ಮೇಲೆ.

ವಿರೋಧ: ಎರಡನೇ ಗಂಟೆಯಲ್ಲಿ ಏನು ಮಾಡ್ತೀರಿ?

ಈ ಕಡೆ ನನಗೆ ಬಂದಿದೆ, ಬರೆಯುತ್ತೇನೆ. ಪೂರ್ತಿ ಮನಸ್ಸಿನಿಂದ ಅಂತ ಹೇಳಲಾರೆ. ಚಂದದ ಆಟ ಕಂಡರೆ ನಾನೂ ಬಾಯಿ ಬಿಟ್ಟು ನೋಡುವವನೇ. ಆದರೂ ಈ ಕಡೆಯ ವಾದ ಅಷ್ಟೇನೂ ಕಷ್ಟದ್ದಲ್ಲ.

ಟೆಟ್ರಿಸ್ ನೋಡಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಅದನ್ನು ಮಾಡಿದಾಗ ಅವರ ಕೈಯಲ್ಲಿದ್ದದ್ದು ಎಲೆಕ್ಟ್ರೋನಿಕಾ 60 ಅನ್ನುವ ಕಂಪ್ಯೂಟರ್. ಅದು ಚಿತ್ರ ತೋರಿಸಲಾರದು. ಹಾಗಾಗಿ ಬ್ರಾಕೆಟ್ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆ ಮಾಡಿದರು. ನಲವತ್ತು ವರ್ಷ ಆಯಿತು, ಜನ ಇನ್ನೂ ಆಡುತ್ತಿದ್ದಾರೆ. ಮೈನ್‌ಕ್ರಾಫ್ಟ್ ನೋಡಿ. ಮರ, ಹಸು, ಸೂರ್ಯ, ಎಲ್ಲ ಚೌಕ ಚೌಕ. 2023ರ ಹೊತ್ತಿಗೆ ಅದರ ಮಾರಾಟ 30 ಕೋಟಿ ಪ್ರತಿಗಳನ್ನು ದಾಟಿತು. 'ವ್ಯಾಂಪೈರ್ ಸರ್ವೈವರ್ಸ್' ನೋಡಿ. ಓಡಾಡುವುದು ಮಾತ್ರ ನಿಮ್ಮ ಕೆಲಸ, ಆಯುಧಗಳು ತಾವೇ ಹೊಡೆಯುತ್ತವೆ, ಚಿತ್ರಗಳು ಮೂವತ್ತು ವರ್ಷ ಹಳೆಯ ಆಟದಂತೆ ಕಾಣುತ್ತವೆ. 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ವರ್ಷದ ಅತ್ಯುತ್ತಮ ಆಟ ಅನ್ನಿಸಿಕೊಂಡದ್ದು ಅದೇ. ಸೋತ ಕಣ್ಣಿಗೆ ಹಬ್ಬದಂಥ ದೊಡ್ಡ ಆಟಗಳಲ್ಲಿ 'ಎಲ್ಡನ್ ರಿಂಗ್' ಇತ್ತು, 'ಗಾಡ್ ಆಫ್ ವಾರ್ ರ‍್ಯಾಗ್ನರಾಕ್' ಇತ್ತು.

ಇನ್ನು ಬರೀ ಚಂದ ನಂಬಿದವರ ಕತೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಅನ್ನುವ ಗೇಮ್ ಯಂತ್ರದ (ಕನ್ಸೋಲ್) ಜೊತೆಗೇ 'ರೈಸ್: ಸನ್ ಆಫ್ ರೋಮ್' ಬಂತು. ಆ ಕಾಲಕ್ಕೆ ಕನ್ಸೋಲ್‌ನಲ್ಲಿ ಅಷ್ಟು ಚಂದದ್ದು ಅಪರೂಪ. ರೋಮನ್ ಸೈನಿಕನ ಕವಚದ ಮೇಲಿನ ಒಂದೊಂದು ಗೀರೂ ಕಾಣುತ್ತಿತ್ತು. ಶತ್ರುವನ್ನು ಮುಗಿಸುವಾಗ ತೆರೆಯ ಮೇಲೆ ಇಂಥ ಬಟನ್ ಒತ್ತಿ ಅಂತ ಸೂಚನೆ ಬರುತ್ತದೆ. ತಪ್ಪು ಬಟನ್ ಒತ್ತಿದರೆ ಏನಾಗುತ್ತದೆ? ಶತ್ರು ಸಾಯುತ್ತಾನೆ. ಏನೂ ಒತ್ತದಿದ್ದರೆ? ಆಗಲೂ ಸಾಯುತ್ತಾನೆ. ಬಹುಮಾನ ಸ್ವಲ್ಪ ಕಡಿಮೆ, ಅಷ್ಟೇ. ಹಾಗಾದರೆ ನಾನು ಅಲ್ಲಿ ಯಾಕೆ ಇದ್ದೇನೆ? ಇಡೀ ವಾದ ಈ ಒಂದು ಪ್ರಶ್ನೆಯಲ್ಲೇ ಇದೆ ಅಂತ ನನಗನ್ನಿಸುತ್ತದೆ. ನಾನು ಏನೋ ಮಾಡುತ್ತೇನೆ, ಆಟ ಅದಕ್ಕೆ ಉತ್ತರ ಕೊಡುತ್ತದೆ, ಆ ಉತ್ತರ ನೋಡಿ ನಾನು ಬೇರೆ ಥರ ಮಾಡುತ್ತೇನೆ. ಇದು ನಡೆಯದಿದ್ದರೆ ನಾನು ಪ್ರೇಕ್ಷಕ, ಕೈಯಲ್ಲೊಂದು ಕಂಟ್ರೋಲರ್ ಇದೆ ಅಷ್ಟೇ.

2015ರ 'ದಿ ಆರ್ಡರ್: 1886' ಕೂಡ ಅದೇ ದಾರಿ. ಮಂಜು ಮುಸುಕಿದ ಲಂಡನ್, ಬಟ್ಟೆಯ ನೂಲು ಎಣಿಸುವಷ್ಟು ಸ್ಪಷ್ಟ. ಒಂದು ಸ್ವಲ್ಪ ಗುಂಡು ಹೊಡೆಯುವುದು, ಆಮೇಲೆ ಸಿನಿಮಾ, ಆಮೇಲೆ ಹೇಳಿದಾಗ ಹೇಳಿದ ಬಟನ್. ತುಂಬಾ ಬೇಗ ಮುಗಿಯುತ್ತದೆ.

ಇದೇನೂ ಹೊಸ ರೋಗವಲ್ಲ. 1983ರಲ್ಲಿ 'ಡ್ರ್ಯಾಗನ್ಸ್ ಲೇರ್' ನಾಣ್ಯ ಹಾಕಿ ಆಡುವ ಆರ್ಕೇಡ್‌ಗೆ ಬಂತು. ಕಾರ್ಟೂನ್ ಸಿನಿಮಾ ಮಾಡುವ ಡಾನ್ ಬ್ಲೂತ್ ತಂಡ ಕೈಯಲ್ಲಿ ಬರೆದ ಅನಿಮೇಶನ್, ಲೇಸರ್ ಡಿಸ್ಕ್ ಅನ್ನುವ ವಿಡಿಯೋ ತಟ್ಟೆಯಿಂದ ಓಡುತ್ತಿತ್ತು. ಪಕ್ಕದ ಯಂತ್ರಗಳಲ್ಲಿ ಚುಕ್ಕಿಗಳು ಓಡಾಡುತ್ತಿದ್ದಾಗ ಇಲ್ಲಿ ಪೂರ್ತಿ ಕಾರ್ಟೂನ್ ಸಿನಿಮಾ! ಜನ ಮುಗಿಬಿದ್ದರು. ಆಡುವುದು ಅಂದರೆ ಸರಿಯಾದ ಹೊತ್ತಿಗೆ ಜಾಯ್‌ಸ್ಟಿಕ್ ಸರಿಯಾದ ಕಡೆ ತಳ್ಳುವುದು. ತಪ್ಪಿದರೆ ಸತ್ತಿರಿ, ಮತ್ತೆ ನಾಣ್ಯ ಹಾಕಿ. ಇಂಥ ಲೇಸರ್ ಡಿಸ್ಕ್ ಆಟಗಳ ಅಬ್ಬರ ಒಂದೆರಡು ವರ್ಷದಲ್ಲೇ ಇಳಿದುಹೋಯಿತು. ಅದರ ಚಿತ್ರಗಳು ಇವತ್ತಿಗೂ ಚೆನ್ನಾಗಿಯೇ ಕಾಣುತ್ತವೆ, ಅದು ಬೇರೆ ಮಾತು. ನನ್ನ ವಾದಕ್ಕೆ ಅದು ಅಷ್ಟು ಅನುಕೂಲವಲ್ಲ, ಮುಂದೆ ಹೋಗೋಣ.

ದುಡ್ಡಿನ ಮಾತೂ ಇದೆ. 2023ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಅಮೆರಿಕದಲ್ಲಿ ಕೇಸ್ ನಡೆಯುವಾಗ ಪ್ಲೇಸ್ಟೇಷನ್ ಮಾಡುವ ಸೋನಿ ಕಂಪನಿಯ ಕೆಲವು ಕಾಗದಗಳು ಕೋರ್ಟಿಗೆ ಬಂದವು. ಗುಟ್ಟಿನ ಅಂಕಿಗಳ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿದ್ದರು. ಸ್ಕ್ಯಾನ್ ಮಾಡಿದಾಗ ಎಲ್ಲ ಓದಲು ಬಂತು! ಸೋನಿ ಕಂಪನಿಯದೇ ಆಟ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಮಾಡಲು ಸುಮಾರು 22 ಕೋಟಿ ಡಾಲರ್ ಆಗಿತ್ತು. 'ಹೊರೈಜನ್ ಫರ್ಬಿಡನ್ ವೆಸ್ಟ್' ಅದಕ್ಕಿಂತ ಸ್ವಲ್ಪ ಕಡಿಮೆ. ಇವೆರಡೂ ತೆಳು ಆಟಗಳಲ್ಲ, ಒಪ್ಪುತ್ತೇನೆ. ಆದರೆ ಇಷ್ಟು ದುಡ್ಡು ಸುರಿದ ಮೇಲೆ ಯಾರು ಹೊಸದನ್ನು ಮಾಡಿ ನೋಡುವ ಧೈರ್ಯ ಮಾಡುತ್ತಾರೆ? ಹೋದ ಸಲ ಓಡಿದ್ದನ್ನೇ ಇನ್ನಷ್ಟು ಹೊಳಪು ಕೊಟ್ಟು ತರುತ್ತಾರೆ.

'ಜರ್ನಿ ಇದೆಯಲ್ಲ' ಅಂತ ಕೇಳುವವರಿರುತ್ತಾರೆ. ಅದು ಒಂದೆರಡು ಗಂಟೆಯ ಆಟ, ಬಿಡಿ. ಬರೀ ನೋಡುತ್ತಾ ಇದ್ದರೆ ಸಾಕು ಅನ್ನುವವರಿಗೆ ವಾಲ್‌ಪೇಪರ್‌ಗಳೂ ಉಚಿತವಾಗಿ ಸಿಗುತ್ತವೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಟ್ರೇಲರ್ ನೋಡಬೇಡಿ. ಯಾರಾದರೂ ಆ ಆಟವನ್ನು ಕತ್ತರಿ ಹಾಕದೆ ಅರ್ಧ ಗಂಟೆ ಆಡಿರುವ ವಿಡಿಯೋ ಹುಡುಕಿ, ಮಧ್ಯದಿಂದ ನೋಡಿ. ಮೂರನೇ ಕಾದಾಟವೂ ಮೊದಲನೆಯದರ ಹಾಗೇ ಇದ್ದರೆ ಗೊತ್ತಾಗಿಬಿಡುತ್ತದೆ. ಇನ್ನು ಟ್ರೇಲರ್‌ನಲ್ಲಿ ಕಂಡ ಚಂದವಾದರೂ ಕೈಗೆ ಬರುತ್ತದಾ ಅಂದರೆ ಅದೂ ಗ್ಯಾರಂಟಿ ಇಲ್ಲ. 2012ರಲ್ಲಿ 'ವಾಚ್ ಡಾಗ್ಸ್' ತೋರಿಸಿದಾಗ ಎಲ್ಲರೂ ಬೆರಗಾಗಿದ್ದರು. 2014ರಲ್ಲಿ ಆಟ ಬಂದಾಗ, ಅವತ್ತು ತೋರಿಸಿದ ಬೆಳಕು ನೆರಳು ಎಲ್ಲಿ ಅಂತ ದೊಡ್ಡ ಗಲಾಟೆಯೇ ಆಯಿತು.