ಒಂದು ಡೂ ಬಿಟ್ಟಿದ್ದಕ್ಕೆ ರಾತ್ರಿ ನಿದ್ದೆ ಹೋಯ್ತು

ಮೇನ್‌ಫ್ರೇಮ್ ಅನ್ನೋ ಭಾರೀ ಕಂಪ್ಯೂಟರ್ ಅಂದ್ರೆ ಮ್ಯೂಸಿಯಂ ಸಾಮಾನು ಅಂದ್ಕೊಂಡಿರೋ ಕಸಿನ್ ಒಬ್ಬ ಕೇಳ್ದ, ನೀನು ದಿನಾ ಬರಿಯೋ ಭಾಷೆ ಯಾವ್ದೋ ಅಂತ. ಎಸಿಎಸ್ (ಆಟೊಮ್ಯಾಟಿಕ್ ಕ್ಲಾಸ್ ಸೆಲೆಕ್ಷನ್) ಅಂದೆ, ನಕ್ಕ. ನಗ್ಲಿ ಬಿಡಿ, ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಝಡ್‌ಓಎಸ್‌ನಲ್ಲಿ ಹೊಸ ಡೇಟಾಸೆಟ್ (ಅಂದ್ರೆ ಫೈಲ್) ಹುಟ್ಟಿದಾಗ ಅದು ಯಾವ ಡಿಸ್ಕಿಗೆ ಹೋಗ್ಬೇಕು, ಬ್ಯಾಕಪ್ ಬೇಕಾ, ಯಾವಾಗ ಮೈಗ್ರೇಟ್ ಮಾಡ್ಬೇಕು ಅಂತೆಲ್ಲ ತೀರ್ಮಾನ ಮಾಡೋದು ಇದ್ರಲ್ಲಿ ಬರೆದ ರೊಟೀನ್‌ಗಳೇ.

ಭಾಷೆ ಅಂದ್ರೆ ಏನಿಲ್ಲ, ಪ್ರಾಕ್, ಫಿಲ್ಟ್‌ಲಿಸ್ಟ್, ಸೆಟ್, ಇಫ್, ಸೆಲೆಕ್ಟ್, ಎಕ್ಸಿಟ್, ಹೀಗೆ ಕೈಬೆರಳಲ್ಲಿ ಎಣಿಸಬಹುದಾದಷ್ಟು ಸ್ಟೇಟ್‌ಮೆಂಟ್. ಲೂಪ್ ಇಲ್ಲ, ಗೋಟು ಇಲ್ಲ. ಇದು ನಂಗಿಷ್ಟ, ಯಾಕಂದ್ರೆ ಒಂದೊಂದು ಅಲೊಕೇಶನ್‌ಗೂ (ಡೇಟಾಸೆಟ್‌ಗೆ ಜಾಗ ಕೊಡುವಾಗೆಲ್ಲ) ಓಡೋ ಕೋಡ್ ಎಲ್ಲೋ ಸುತ್ತಿಕೊಂಡು ಕೂತ್ರೆ ಇಡೀ ಸಿಸ್ಟಮ್ಮೇ ಕೂತ್ಬಿಡುತ್ತೆ.

ಆದ್ರೆ ಇಫ್ ವಿಷ್ಯದಲ್ಲಿ ನಂಗೆ ಕೋಪ ಇದೆ. ದೆನ್ ಆದ್ಮೇಲೆ ಸಾಲುಗಳನ್ನ ಒಟ್ಟು ಕಟ್ಟೋ ಡೂ-ಎಂಡ್ ಇಲ್ದಿದ್ರೆ ಬರೀ ಒಂದೇ ಸ್ಟೇಟ್‌ಮೆಂಟ್ ಅದ್ರ ಒಳಗೆ. ಡೇಟಾಸೆಟ್‌ಗೆ ಸ್ಟೋರೇಜ್ ಕ್ಲಾಸ್ ಸಿಕ್ರೆ ಮಾತ್ರ ಅದು ಎಸ್‌ಎಂಎಸ್ (ಡಿಸ್ಕ್ ಜಾಗ ನೋಡ್ಕೊಳ್ಳೋ ಸಿಸ್ಟಮ್, ಮೊಬೈಲ್ ಮೆಸೇಜ್ ಅಲ್ಲ) ಹಿಡಿತಕ್ಕೆ ಬರುತ್ತೆ. ನಾನೊಂದ್ಸಲ ಆ ಕ್ಲಾಸ್ ಕೊಡೋ ರೊಟೀನ್ ಮೇಲ್ಗಡೆ ಬರೆದೆ: ಹೆಸರಿನ ಮೊದಲ ಭಾಗ 'ಟೆಸ್ಟ್' ಆಗಿದ್ರೆ ಕ್ಲಾಸ್ ಖಾಲಿ ಸೆಟ್ ಮಾಡು, ಕೆಳಗಿನ ಸಾಲಲ್ಲಿ ಎಕ್ಸಿಟ್. ಎರಡೂ ಸಾಲು ನೀಟಾಗಿ ಒಳಗೆ ಸರಿಸಿದ್ದೆ, ಕಣ್ಣಿಗೆ ಇಫ್ ಒಳಗೇ ಇದ್ದಂಗೆ ಕಾಣ್ತಿತ್ತು. ಕಂಪೈಲರ್‌ಗೆ ಸ್ಪೇಸ್ ಲೆಕ್ಕವೇ ಅಲ್ಲ, ಎಕ್ಸಿಟ್ ಎಲ್ರಿಗೂ ಅನ್ವಯ ಆಯ್ತು, ಕೆಳಗೆ ಕ್ಲಾಸ್ ಕೊಡೋ ಸಾಲುಗಳಿಗೆ ಯಾವ್ದೂ ತಲುಪಲೇ ಇಲ್ಲ. ಟ್ರಾನ್ಸ್‌ಲೇಟ್ ಓಕೆ, ವ್ಯಾಲಿಡೇಟ್ ಓಕೆ, ಟೆಸ್ಟ್ ಕೇಸೂ ಪಾಸು (ನಾನು ಟೆಸ್ಟ್ ಮಾಡಿದ್ದೇ 'ಟೆಸ್ಟ್' ಹೆಸರಿನವನ್ನ ಮಾತ್ರ, ಜಾಣ!). ಆಕ್ಟಿವೇಟ್ ಮಾಡಿ ಊಟಕ್ಕೆ ಹೋದೆ.

ರಾತ್ರಿ ಬ್ಯಾಚ್ ಶುರುವಾದ್ಮೇಲೆ ಹೊಸ ಡೇಟಾಸೆಟ್‌ಗಳೆಲ್ಲ ಎಸ್‌ಎಂಎಸ್ ಹಿಡಿತದಿಂದ ಆಚೆ, ಹಳೇ ಪುಟ್ಟ ವಾಲ್ಯೂಮ್‌ಗಳಿಗೆ ಹೋಗಿ ಬೀಳ್ತಾ ಇದ್ವು, ಅವು ತುಂಬಿ ಜಾಬ್‌ಗಳು ಸಾಲಾಗಿ ಅಬೆಂಡ್ (ಅರ್ಧಕ್ಕೇ ನಿಂತೋದ್ವು). ಹಳೇ ಕಾನ್ಫಿಗರೇಶನ್ ವಾಪಸ್ ಆಕ್ಟಿವೇಟ್ ಮಾಡೋಕೆ ಒಂದೇ ನಿಮಿಷ, ಆಚೆ ಬಿದ್ದಿದ್ದನ್ನ ಒಂದೊಂದಾಗಿ ಹೆಕ್ಕಿ ಒಳಗೆ ತರೋಷ್ಟ್ರಲ್ಲಿ ಬೆಳಕು ಹರೀತು.

ಆವಾಗಿಂದ ನನ್ ಟೀಮಲ್ಲಿ ಒಂದೇ ಸ್ಟೇಟ್‌ಮೆಂಟ್ ಇದ್ರೂ ಡೂ-ಎಂಡ್ ಕಡ್ಡಾಯ. ಸುಮ್ನೆ ಸಾಲು ಜಾಸ್ತಿ ಆಗುತ್ತೆ ಸಾರ್ ಅಂತಾರೆ ಹೊಸ ಹುಡುಗ್ರು. ಆಗ್ಲಿ ಬಿಡ್ರಪ್ಪಾ, ಸಾಲಿಗೇನು ಬಾಡಿಗೆ ಕೊಡ್ಬೇಕಾ?

ಈಗ ಅವ್ರು ಬೀಳೋ ಗುಂಡಿ ಬೇರೆ. ಸ್ಟಾರ್ ಹಾಕಿದ ಮಾಸ್ಕ್‌ಗೆ (ಹಲವು ಹೆಸರುಗಳಿಗೆ ಒಟ್ಟಿಗೆ ಹೊಂದೋ ಮಾದರಿಗೆ) ಕೋಟ್ಸ್ ಹಾಕ್ಬಿಡ್ತಾರೆ, ಕೋಟ್ಸ್ ಒಳಗೆ ಹೋದ್ರೆ ಸ್ಟಾರ್ ಬರೀ ಅಕ್ಷರ ಅಷ್ಟೇ, ಯಾವ ಹೆಸರಿಗೂ ಹೊಂದಲ್ಲ, ಎರರ್ರೂ ಬರಲ್ಲ. ರಿವ್ಯೂನಲ್ಲಿ ನಾನು ಮೊದ್ಲು ನೋಡೋದೇ ಅದನ್ನ, ಆಮೇಲೆ ಡೂ.