ಗುಣ ಆಯ್ತಲ್ಲ, ಇನ್ನೇನು?

ಮೊನ್ನೆ ಬಳೆ ತೊಡಿಸಿಕೊಳ್ಳಲು ಪೇಟೆಗೆ ಹೋಗಿದ್ದೆ. ಎಡಗೈಗೆ ಎರಡೂ ಆರರ ಬಳೆ ಸಲೀಸಾಗಿ ಹೋಯಿತು. ಬಲಗೈಗೆ ಎರಡೂ ಎಂಟರದೂ ಹತ್ತಲಿಲ್ಲ. "ಏನಕ್ಕಾ, ಈ ಕೈ ಬಾತಿದೆಯಲ್ಲ, ಬಿದ್ದಿದ್ರಾ?" ಅಂದಳು ಅಂಗಡಿಯಾಕೆ. ಹೂಂ ಅಂದೆ. ಅಂಗಡಿ ತುಂಬ ಜನ. ಸ್ತನ ಕ್ಯಾನ್ಸರ್ ಅಂತ ಅಲ್ಲಿ ಹೇಗೆ ಹೇಳಲಿ?

ಇಲ್ಲಿ ಹೇಳುತ್ತೇನೆ. ಆಪರೇಷನ್ ಆಗಿ ನಾಲ್ಕು ವರ್ಷವಾಯಿತು. ಬಲಗಡೆಯದನ್ನು ಪೂರ್ತಿ ತೆಗೆದರು, ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ. ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಸಿಕ್ಕವರೆಲ್ಲ "ಗುಣ ಆಯ್ತಲ್ಲ, ಇನ್ನೇನು?" ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಅನ್ನುತ್ತಾರೆ. ನನ್ನ ತಕರಾರು ಇರುವುದು ಆ 'ಇನ್ನೇನು' ಮೇಲೆ.

ಕಂಕುಳಿನ ಗ್ರಂಥಿ ತೆಗೆದಾಗ ತೋಳಿನ ನೀರು ವಾಪಸ್ ಹೋಗುವ ದಾರಿಗೆ ಪೆಟ್ಟು ಬೀಳುತ್ತದೆ. ನೀರು ಅಲ್ಲೇ ನಿಂತು ತೋಳು ಬಾಯುತ್ತದೆ. ಲಿಂಫೆಡೀಮಾ ಅಂತಾರೆ. ಎಲ್ಲರಿಗೂ ಬರುವುದಿಲ್ಲ. ಕೆಲವರಿಗೆ ಎಷ್ಟೋ ವರ್ಷ ಆದಮೇಲೂ ಬರುತ್ತದೆ. ಶುರುವಿನಲ್ಲೇ ಹಿಡಿದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಆದರೆ ನನಗೆ ಡಿಸ್ಚಾರ್ಜ್ ದಿನ ಸಿಕ್ಕಿದ್ದು ಒಂದೇ ಮಾತು: "ಭಾರ ಎತ್ತಬೇಡಿ."

ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಕೊಡ ಮುಟ್ಟಲಿಲ್ಲ, ರೊಟ್ಟಿ ತಟ್ಟಲಿಲ್ಲ. ನಮ್ಮತ್ತೆಯಂತೂ ಲೋಟ ತೊಳೆಯಲೂ ಬಿಡಲಿಲ್ಲ. ಮೂರು ತಿಂಗಳಿಗೆ ಭುಜ ಹಿಡಿದುಕೊಂಡಿತು. ನಾನು ಟೀಚರ್. ಶಾಲೆಗೆ ವಾಪಸ್ ಹೋದ ದಿನ ಕೈ ಬೋರ್ಡಿನ ಅರ್ಧಕ್ಕಿಂತ ಮೇಲೆ ಏಳಲಿಲ್ಲ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಾರನೇ ದಿನದಿಂದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಾನು ಬರುವಷ್ಟರಲ್ಲಿ ತಾರೀಖು ಬರೆದಿಡುತ್ತಿದ್ದಳು. ನಾನು ಹೇಳಿರಲಿಲ್ಲ.

ಆಮೇಲೆ ಒಬ್ಬರು ಫಿಸಿಯೋಥೆರಪಿಯವರು ಸಿಕ್ಕರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ನಡೆಸಬೇಕು, ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಗುರುತು ಹಾಕಬೇಕು. ಅಡುಗೆಮನೆ ಗೋಡೆಯಲ್ಲಿ ಈಗಲೂ ಆ ಪೆನ್ಸಿಲ್ ಗೆರೆಗಳಿವೆ. ಮೊದಲನೆಯದು ಸ್ವಿಚ್ ಬೋರ್ಡಿನ ಪಕ್ಕ, ಕೊನೆಯದು ಡಬ್ಬಿ ಇಡುವ ಮೇಲಿನ ಹಲಗೆ ಹತ್ತಿರ. ಆ ಒಂದೂವರೆ ಅಡಿಗೆ ಐದು ತಿಂಗಳು ಹಿಡಿಯಿತು.

ಭಾರದ ವಿಷಯದಲ್ಲೂ ಹಳೆಯ ಮಾತು ಪೂರ್ತಿ ನಿಜವಲ್ಲ. 2009ರಲ್ಲಿ ಅಮೆರಿಕದಲ್ಲಿ ಇಂಥದೇ ಬಾವು ಇದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಧಾನವಾಗಿ ಭಾರ ಎತ್ತುವುದನ್ನು ಕಲಿಸಿ ಒಂದು ವರ್ಷ ನೋಡಿದರು. ಭಾರ ಎತ್ತಿದವರ ಬಾವು ಹೆಚ್ಚಾಗಲಿಲ್ಲ. ಬಾವು ಕೆರಳುವುದು ಅವರಲ್ಲೇ ಕಡಿಮೆಯಾಯಿತು. ಹಾಗಂತ ನಾಳೆಯೇ ಅಕ್ಕಿ ಮೂಟೆಗೆ ಕೈ ಹಾಕಬೇಡಿ. ಆ ಹೆಂಗಸರು ಶುರು ಮಾಡಿದ್ದು ಕಲಿಸುವವರ ಎದುರೇ, ಅಳತೆಗೆ ಸರಿಯಾದ ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ಹಾಕಿಕೊಂಡು. ಇನ್ನೊಂದು ವಿಷಯ. ಆ ಕೈಗೆ ಸುಟ್ಟರೆ, ಕುಯ್ದರೆ ಸುಮ್ನೆ ಬಿಡಬೇಡಿ. ಕೆಂಪಾಗಿ ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಮಾತ್ರೆಯದು ಇನ್ನೊಂದು ಕಥೆ. ಟಮಾಕ್ಸಿಫೆನ್ ಅಂತ, ಹಾರ್ಮೋನಿನಿಂದ ಬೆಳೆಯುವ ಸ್ತನ ಕ್ಯಾನ್ಸರಿಗೆ ಕೊಡುವ ಮಾತ್ರೆ. ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ. ಮೈ ಇದ್ದಕ್ಕಿದ್ದಂತೆ ಧಗಧಗ ಅನ್ನುತ್ತದೆ. ಏಪ್ರಿಲ್ ತಿಂಗಳಲ್ಲಿ ಇದು ಮಾತ್ರೆ ಬಿಸಿಯೋ ದಾವಣಗೆರೆ ಬಿಸಿಲೋ ಗೊತ್ತಾಗುವುದಿಲ್ಲ. ಗಂಡ ಹೆಂಡತಿ ಸೇರುವುದೂ ನೋವಾಗಬಹುದು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ, ಯಾಕೆಂದರೆ ಯಾವ ಡಾಕ್ಟರೂ ನನ್ನನ್ನು ಕೇಳಲಿಲ್ಲ. ನಾನೇ ಬಾಯಿಬಿಟ್ಟಾಗ ಉಪಾಯ ಇತ್ತು. ಈ ಕಾಟ ತಡೆಯಲಾಗದೆ ಸದ್ದಿಲ್ಲದೆ ಮಾತ್ರೆ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬೇಡಿ, ಕಾಯಿಲೆ ಮರಳಿ ಬರದಂತೆ ತಡೆಯುತ್ತಿರುವುದೇ ಅದು. ತೊಂದರೆ ಹೇಳಿದರೆ ಮಾತ್ರೆ ಬದಲಿಸಬಹುದು.

ಮಗಳ ಸಂಬಂಧ ನೋಡುವಾಗ "ಈ ವಿಷಯ ಎತ್ತಬೇಡ" ಅಂತ ನೆಂಟರು ಕಿವಿಯಲ್ಲಿ ಹೇಳಿದರು. ಮಗಳಿಗೂ ಬಂದೀತು ಅನ್ನುವ ಭಯ. ಆದರೆ ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಅಷ್ಟೇ. ನಾನು ವಿಷಯ ಎತ್ತಿದೆ. ಒಂದು ಸಂಬಂಧ ತಪ್ಪಿತು. ಹೋಗಲಿ ಬಿಡಿ.

ಅಕ್ಟೋಬರ್ ಬಂದರೆ ಗುಲಾಬಿ ರಿಬ್ಬನ್, ಜಾಥಾ, ಬೇಗ ಪತ್ತೆ ಮಾಡಿಸಿಕೊಳ್ಳಿ ಅಂತ ಭಾಷಣ. ಅದು ಬೇಕು. ಆದರೆ ಪತ್ತೆಯಾಗಿ, ಬದುಕಿ, ಮನೆಗೆ ಬಂದವಳ ಕೈ ಅಳೆಯುವವರು ಯಾರು? ಆಪರೇಷನ್‌ಗೆ ಮೊದಲೇ ಎರಡೂ ತೋಳಿನ ಸುತ್ತಳತೆ ಬರೆದಿಟ್ಟು, ಆಮೇಲೆ ಬಂದಾಗಲೆಲ್ಲ ಅಳೆದು ನೋಡಿದರೆ ಸಾಕು. ಬೇಕಾಗುವುದು ಒಂದು ಟೇಪು. ಇಷ್ಟು ಮೆಡಿಕಲ್ ಕಾಲೇಜು, ಆಸ್ಪತ್ರೆ ಇರುವ ಊರು ನಮ್ಮದು. ಇದಕ್ಕೆ ಬೆಂಗಳೂರಿಗೆ ಹೋಗಬೇಕಾ? ಅಂದಹಾಗೆ, ತಪಾಸಣೆಗೆ ಹೋಗಲೇಬೇಕಾದರೆ ಕ್ಯಾನ್ಸರ್ ರೋಗಿಗಳಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವವರಿಗೂ ಮುಕ್ಕಾಲು ಪಾಲು ಇದೆ. ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ.

ಟೇಪಿನ ಮಾತು ಬಂತಲ್ಲ, ನನ್ನನ್ನು ಮೊದಲು ಸರಿಯಾಗಿ ಅಳೆದಿದ್ದು ನಮ್ಮ ಟೈಲರ್ ಅಕ್ಕ. ಒಂದು ಕಡೆ ಭಾರ ಇಲ್ಲದಿದ್ದರೆ ಭುಜ ವಾಲುತ್ತದೆ, ಬೆನ್ನು ನೋಯುತ್ತದೆ. ಆ ಕಡೆ ಇಟ್ಟುಕೊಳ್ಳುವ ಕೃತಕ ಸ್ತನ ಸಿಲಿಕೋನಿನದಾದರೆ ದುಬಾರಿ. ಸ್ಪಂಜು ಹಗುರ, ಕ್ಲಾಸಿನಲ್ಲಿ ಕೈ ಎತ್ತಿದರೆ ಕತ್ತಿನ ಹತ್ತಿರ ಬಂದು ಕೂರುತ್ತಿತ್ತು. ನಾನೇ ರಾಗಿ ತುಂಬಿ ಚೀಲ ಹೊಲಿದುಕೊಂಡೆ. ಮಳೆಗಾಲದಲ್ಲಿ ಹುಳ ಬಿತ್ತು, ನಗಬೇಡಿ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಿನಲ್ಲಿ ನನ್ನ ಎದೆಗೊಂದು ಹಿಡಿ ಹತ್ತಿ ಸಿಗಲಿಲ್ಲ ಅಂತ ಆಕೆ ಹತ್ತಿರ ಗೊಣಗಿದೆ. ಆಕೆ ಏನೂ ಮಾತಾಡಲಿಲ್ಲ. ಮುಂದಿನ ವಾರ ರವಿಕೆ ಕೊಟ್ಟಾಗ ಒಳಗೆ ಮೆತ್ತನೆ ಕಾಟನ್ ಜೇಬು, ಜೇಬಿನಲ್ಲಿ ತೊಳೆಯಬಹುದಾದ ಹತ್ತಿಯ ಉಂಡೆ, ಅದರ ತಳದಲ್ಲಿ ಭಾರಕ್ಕೆ ನಾಲ್ಕು ಗೋಲಿ. ಬಲ ತೋಳನ್ನು ಒಂದಿಂಚು ಸಡಿಲ ಬಿಟ್ಟಿದ್ದಳು. ಜೇಬಿಗೆ ದುಡ್ಡು ತಗೊಳ್ಳಲಿಲ್ಲ.

ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಅಂಗಡಿ ಎಲ್ಲಿ ಅಂತ ಹೇಳುತ್ತೇನೆ. ಹಳೆಯ ರವಿಕೆ ಒಂದು ತನ್ನಿ, ಅಳತೆಗೆ. ನಮ್ಮೂರ ದುಗ್ಗಮ್ಮನ ಜಾತ್ರೆ ಹತ್ತಿರ ಬಂದಾಗ ಮಾತ್ರ ಹೋಗಬೇಡಿ. ಆಗ ಅವಳು ನನ್ನನ್ನೂ ಮಾತಾಡಿಸುವುದಿಲ್ಲ.